ತಪ್ಪು ಮಾಡದೆ ನೊಂದವರು ದೇವರನ್ನು ಬಿಡದೆ ಇರುವ ಬಗೆ

ಕಾಸರಗೋಡು ಜಿಲ್ಲೆಯ ಎಣ್ಮಕಜೆಯ ಪಡ್ರೆ, ಸ್ವರ್ಗ ಮುಂತಾದ ಊರುಗಳಲ್ಲಿ ಮಕ್ಕಳು ಅಂಗವೈಕಲ್ಯದೊಂದಿಗೆ ಹುಟ್ಟತೊಡಗಿದಾಗ ದೈವದ ಮುನಿಸು, ನಾಗದೋಷ, ಹಿರಿಯರ ಪಾಪ ಎಂದು ಕಾರಣ ಹೇಳಿದವರಿಗೆ ಕೊರತೆಯಿರಲಿಲ್ಲ. ಗೇರುಗುಡ್ಡಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಸಿಂಪಡಿಸುತ್ತಿದ್ದ ಎಂಡೋಸಲ್ಫಾನ್ ಎಂಬ ಕೀಟನಾಶಕದ ಕಡೆಗೆ ಜನರ ಕಣ್ಣು ಹೊರಳಿದ್ದು ತಡವಾಗಿ. ಅಷ್ಟರಲ್ಲಿ ಎಷ್ಟೋ ತಾಯಂದಿರು ತಮ್ಮದಲ್ಲದ ಪಾಪವನ್ನು ಹೊತ್ತು ಸೋತಿದ್ದರು.

ಆದ್ದರಿಂದ ಮೊದಲು ಮಾಡಬೇಕಾದದ್ದು, ನೋವನ್ನು ಶಿಕ್ಷೆಯೆಂದು ಒಪ್ಪಿಕೊಳ್ಳದಿರುವುದು. ಬೈಬಲಿನಲ್ಲಿ ಬರುವ, ಮಕ್ಕಳನ್ನೂ ಆಸ್ತಿಯನ್ನೂ ಆರೋಗ್ಯವನ್ನೂ ಕಳೆದುಕೊಂಡ ಯೋಬನು ನಿರ್ದೋಷಿಯೆಂದು ಅವನ ಕಥೆ ಆರಂಭದಲ್ಲಿಯೇ ಹೇಳುತ್ತದೆ. ಓದುವವರಿಗೆ ಗೊತ್ತಿರುವ ಆ ಸಂಗತಿ ಅವನ ಗೆಳೆಯರಾದ ಎಲೀಫಜ, ಬಿಲ್ದದ, ಚೋಫರರಿಗೆ ಮಾತ್ರ ಗೊತ್ತಿಲ್ಲ; ಅವನ ನೋವು ಪಾಪದ ಫಲವೆಂದೇ ಅವರು ವಾದಿಸುತ್ತಾರೆ.

ಎರಡನೆಯದಾಗಿ, ದೂರನ್ನು ದೇವರಿಗೇ ಹೇಳಿ. ಗೆಳೆಯರು ದೇವರ ವಿಷಯವಾಗಿ ಉದ್ದಕ್ಕೂ ಮಾತಾಡುತ್ತಾರೆ. ಹುಟ್ಟಿದ ದಿನವನ್ನೇ ಶಪಿಸಿದ ಯೋಬನಾದರೋ ಮತ್ತೆ ಮತ್ತೆ ದೇವರ ಕಡೆಗೆ ತಿರುಗಿ, ಅವನೊಡನೆಯೇ ವ್ಯಾಜ್ಯ ಹೂಡುತ್ತಾನೆ. ಸಂಜೆ ದೀಪ ಹಚ್ಚುವ ಹೊತ್ತಿಗೋ ಜಪಮಾಲೆ ಹಿಡಿಯುವ ಹೊತ್ತಿಗೋ, ತುಳುವಾಗಲಿ ಕನ್ನಡವಾಗಲಿ ಮನೆಮಾತಿನಲ್ಲಿ, ಸಿಟ್ಟಿದ್ದರೆ ಸಿಟ್ಟಿನಿಂದಲೇ ಹೇಳಿರಿ. ಮಾತು ಹೊರಡದಿದ್ದರೆ ಸುಮ್ಮನೆ ಕುಳಿತರೂ ಸಾಕು, ಆ ಹೊತ್ತನ್ನು ಮಾತ್ರ ತಪ್ಪಿಸಬೇಡಿ. ಪರಿಹಾರಧನಕ್ಕೆ ಅರ್ಜಿ ಹಾಕುವುದು, ಕೋರ್ಟಿಗೆ ಹೋಗುವುದು ನಂಬಿಕೆಯ ಕೊರತೆಯಲ್ಲ. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ತಡೆದದ್ದು ಯಾರೋ ಕೇಳಿದ್ದರಿಂದ.

ಇನ್ನು ಬಂಧುಮಿತ್ರರ ವಿಚಾರ. ಯೋಬನ ಗೆಳೆಯರು ಏಳು ಹಗಲು ಏಳು ರಾತ್ರಿ ಅವನೊಂದಿಗೆ ನೆಲದ ಮೇಲೆ ಮಾತಿಲ್ಲದೆ ಕುಳಿತಿದ್ದರು. ನನ್ನ ಮಟ್ಟಿಗೆ ಅವರು ಮಾಡಿದ ಒಂದೇ ಒಳ್ಳೆಯ ಕೆಲಸ ಅದು. ಬಾಯಿ ತೆರೆದ ಮೇಲೆ ಎಲ್ಲವೂ ಕೆಟ್ಟಿತು. ಮನೆಗೆ ಬಂದವರು ಕಾರಣ ಹುಡುಕತೊಡಗಿದರೆ ವಾದಿಸಬೇಡಿ, ಕೆಲಸ ಕೊಡಿ: “ಅಕ್ಕ, ಅದಿರಲಿ, ನಾಳೆ ಮಗುವನ್ನು ಮಂಗಳೂರಿಗೆ ಕರೆದುಕೊಂಡು ಹೋಗಬೇಕು, ದನಕ್ಕೊಂದು ಹಿಡಿ ಹುಲ್ಲು ಹಾಕುತ್ತೀರಾ?” ಒಪ್ಪಿದವರನ್ನು ಉಳಿಸಿಕೊಳ್ಳಿ. ಒಪ್ಪದವರು ಆಮೇಲೆ ಅಷ್ಟಾಗಿ ಬರುವುದಿಲ್ಲ, ಅದೂ ಒಂದು ಉಪಕಾರವೇ.

ಕೊನೆಗೆ, ಉತ್ತರಕ್ಕಾಗಿ ನಂಬಿಕೆಯನ್ನು ಒತ್ತೆಯಿಡಬೇಡಿ. ಯೋಬನ ಕಥೆಯ ಮೂವತ್ತೆಂಟನೆಯ ಅಧ್ಯಾಯದಲ್ಲಿ ದೇವರು ಬಿರುಗಾಳಿಯೊಳಗಿಂದ ಮಾತಾಡುವಾಗ ಯೋಬನ ನೋವಿಗೆ ಕಾರಣ ಹೇಳುವುದಿಲ್ಲ. ಕಾಗೆಮರಿಗಳಿಗೆ ಆಹಾರ ಕೊಡುವವರು ಯಾರು, ಮನುಷ್ಯರಿಲ್ಲದ ನೆಲಕ್ಕೆ ಮಳೆ ಸುರಿಸುವವರು ಯಾರು ಎಂದು ತಿರುಗಿ ಕೇಳುತ್ತಾನೆ. ಇದು ಉತ್ತರವೇ ಎಂದು ನಾನೂ ಬಹಳ ಕಾಲ ಮುನಿಸಿಕೊಂಡಿದ್ದೆ. ಆದರೆ ದೂರಿದ ಯೋಬನೇ ಸರಿಯಾಗಿ ಮಾತಾಡಿದನೆಂದೂ, ದೇವರ ಪರ ವಕಾಲತ್ತು ವಹಿಸಿದ ಗೆಳೆಯರು ತಪ್ಪಿದರೆಂದೂ ದೇವರೇ ತೀರ್ಪು ಕೊಡುತ್ತಾನೆ. ಯೋಬನಿಗೆ ಮತ್ತೆ ಹತ್ತು ಮಕ್ಕಳಾದ ಮಾತನ್ನು ಮಾತ್ರ ಮಗುವನ್ನು ಕಳೆದುಕೊಂಡವರ ಮುಂದೆ ಎತ್ತಬೇಡಿ.

ಆ ಗೆಳೆಯರಿಗಾಗಿ ಯೋಬನು ಪ್ರಾರ್ಥಿಸಿದನಂತೆ. ಅಷ್ಟು ಮನಸ್ಸು ಬರುವವರೆಗೆ, ನಾಗದೋಷವೆಂದಿದ್ದ ನೆರೆಯವರು ಅಂಗಳಕ್ಕೆ ಬಂದರೆ ಕುಡಿಯಲು ನೀರು ಬೆಲ್ಲ ಕೊಟ್ಟು ಕಳುಹಿಸಿದರೆ ಸಾಕು.