ಕಾಲು ಜೋತುಬಿದ್ದರೆ ಸೀಸ ಎಲ್ಲಿಗೆ ಸರಿಯಬೇಕು?

ತಲೆ ಮೇಲೆ, ಕಾಲು ಕೆಳಗೆ, ಫಿನ್‌ಗಳ (ಪಾದಕ್ಕೆ ತೊಡುವ ಈಜುರೆಕ್ಕೆಗಳ) ಹಿಂದೆ ಎದ್ದ ಮರಳು. ಸ್ಕೂಬಾ ಡೈವಿಂಗ್ ಕಲಿಸುವವಳಾದ ನನಗೆ ಇದು ನಿತ್ಯದ ನೋಟ. ಹೀಗೆ ಓರೆಯಾಗಿ ಸಾಗುವವರು ತಮಗೆ ಸರಿಯಾಗಿ ಈಜಲು ಬರುವುದಿಲ್ಲ ಎಂದು ಕೊರಗುತ್ತಾರೆ. ಆದರೆ ತಪ್ಪು ಹೆಚ್ಚಿನ ಸಲ ಈಜಿನಲ್ಲಿ ಇರುವುದಿಲ್ಲ, ನೀರಿನಲ್ಲಿ ಇಳಿಯಲೆಂದು ತೂಕಕ್ಕೆ ಸೀಸ ಕಟ್ಟಿಕೊಂಡ ಜಾಗದಲ್ಲಿ ಇರುತ್ತದೆ.

ಜಾಗದ ಮಾತಿಗೆ ಮೊದಲು ಒಟ್ಟು ತೂಕವನ್ನು ಸರಿಪಡಿಸಿಕೊಳ್ಳಿ. ಸೀಸ ಹೆಚ್ಚಾದಷ್ಟೂ ಅದನ್ನು ಸರಿದೂಗಿಸಲು ಬಿಸಿಡಿಗೆ, ಅಂದರೆ ತೇಲುವಿಕೆಯನ್ನು ಹೊಂದಿಸಲು ತೊಡುವ ಗಾಳಿಚೀಲದ ಜಾಕೆಟ್ಟಿಗೆ, ಗಾಳಿ ತುಂಬಬೇಕಾಗುತ್ತದೆ. ಆ ಗಾಳಿ ಭುಜದ ಕಡೆಗೆ ಏರಿ ಎದೆಯನ್ನು ಎತ್ತುತ್ತದೆ, ಸೊಂಟದ ಬೆಲ್ಟು ಕೆಳಗೆ ಎಳೆಯುತ್ತದೆ. ಇಷ್ಟಾದರೆ ಯಾರೇ ಆದರೂ ನೀರಿನಲ್ಲಿ ನಿಂತುಕೊಳ್ಳಲೇಬೇಕು. ತೂಕವನ್ನು ಡೈವ್‌ನ ಕೊನೆಯಲ್ಲಿ ಪರೀಕ್ಷಿಸಿ: 5 ಮೀಟರ್ ಆಳ, ಸಿಲಿಂಡರಿನಲ್ಲಿ 50 ಬಾರ್ (ಗಾಳಿಯ ಒತ್ತಡದ ಅಳತೆ), ಬಿಸಿಡಿ ಪೂರ್ತಿ ಖಾಲಿ, ಉಸಿರಾಟ ಸಹಜ. ಇದ್ದಲ್ಲೇ ನಿಂತರೆ ತೂಕ ಸರಿಯಾಗಿದೆ. ಮುಳುಗುತ್ತಿದ್ದರೆ ಮುಂದಿನ ಸಲ ಒಂದು ಕಿಲೋ ತೆಗೆಯಿರಿ, ಮೇಲೇರುತ್ತಿದ್ದರೆ ಒಂದು ಕಿಲೋ ಸೇರಿಸಿ. ತುಂಬಿದ ಸಿಲಿಂಡರಿನೊಂದಿಗೆ ಮಾಡಿದ ಪರೀಕ್ಷೆಯನ್ನು ಹಾಗೇ ನಂಬುವಂತಿಲ್ಲ. 11 ಲೀಟರ್ ಸಿಲಿಂಡರಿನಲ್ಲಿ 200 ಬಾರ್ ಗಾಳಿ ಇದ್ದರೆ ಆ ಗಾಳಿಯೇ ಎರಡೂವರೆ ಕಿಲೋ ದಾಟುತ್ತದೆ, ಅದರಲ್ಲಿ ಬಹುಪಾಲನ್ನು ನೀವು ಉಸಿರಾಡಿ ಮುಗಿಸಿರುತ್ತೀರಿ. ಕೆರೆಯಲ್ಲಿ ಲೆಕ್ಕ ಹಾಕಿದವರು ಸಮುದ್ರಕ್ಕೆ ಇಳಿಯುವಾಗ ಇನ್ನೊಂದು ವಿಷಯ ಗಮನಿಸಬೇಕು. ಉಪ್ಪುನೀರಿನ ಸಾಂದ್ರತೆ ಸುಮಾರು 2.5 ಶೇಕಡಾ ಹೆಚ್ಚು. ಮೈ ಮತ್ತು ಸಲಕರಣೆ ಸೇರಿ 100 ಕಿಲೋ ಇದ್ದರೆ ಎರಡೂವರೆ ಕಿಲೋದಷ್ಟು ಸೀಸ ಹೆಚ್ಚಿಗೆ ಬೇಕಾಗುತ್ತದೆ.

ಈಗ ಟ್ರಿಮ್, ಅಂದರೆ ನೀರಿನಲ್ಲಿ ಮೈ ಮಟ್ಟಸವಾಗಿ ನಿಲ್ಲುವ ಭಂಗಿ. ನಿಮ್ಮ ಭಾರದ ಕೇಂದ್ರ ಒಂದು ಕಡೆ, ನೀರು ನಿಮ್ಮನ್ನು ಎತ್ತುವ ಕೇಂದ್ರ ಇನ್ನೊಂದು ಕಡೆ ಇದ್ದರೆ, ಅವೆರಡೂ ಒಂದೇ ನೇರಕ್ಕೆ ಬರುವವರೆಗೂ ಮೈ ತಿರುಗುತ್ತಲೇ ಇರುತ್ತದೆ. ಯಾವ ಕಡೆಗೆ ತಿರುಗುತ್ತದೆ ಎಂದು ತಿಳಿಯಲು ಸುಮ್ಮನಿರಬೇಕು, ಕಷ್ಟವಿರುವುದೇ ಅಲ್ಲಿ. ಫಿನ್ ಆಡಿಸುವುದು ಒಂದು ಚಟ. ಕಾಲು ಕೆಳಗಿಳಿದಾಗಲೆಲ್ಲ ಒಂದು ಸಣ್ಣ ಒದೆತ ತಾನಾಗಿಯೇ ಬಿದ್ದು ದೋಷವನ್ನು ಮುಚ್ಚಿಹಾಕುತ್ತದೆ. ಅಲೆಯಿಲ್ಲದ ಕಡೆ, ತಳದಿಂದ ಸ್ವಲ್ಪ ಮೇಲೆ ಮಟ್ಟಸವಾಗಿ ಮಲಗಿ. ಮೊಣಕಾಲು ಮಡಿಸಿ, ಕೈಗಳನ್ನು ಮುಂದಕ್ಕೆ ಚಾಚಿ, ಕತ್ತೆತ್ತಿ ಮುಂದೆ ನೋಡಿ. ನಂತರ ಏನನ್ನೂ ಆಡಿಸದೆ ನಾಲ್ಕೈದು ಉಸಿರು ಕಾಯಿರಿ. ಜೊತೆಗಾರರಿಗೆ ಪಕ್ಕದಿಂದ ಒಂದು ಫೋಟೋ ತೆಗೆಯಲು ಹೇಳಿ. ತಾನು ಮಟ್ಟಸವಾಗಿದ್ದೆನೆಂದು ಆಣೆಯಿಟ್ಟು ಹೇಳುವವರು ಫೋಟೋದಲ್ಲಿ ಗೋಡೆಗೆ ಒರಗಿಸಿದ ಏಣಿಯ ಹಾಗಿರುತ್ತಾರೆ. ಕೆಲವರಿಗೆ ಮೊಣಕಾಲು ಮಡಿಸಿದ್ದೇ ಸಾಕಾಗುತ್ತದೆ, ಏಕೆಂದರೆ ಫಿನ್‌ಗಳ ಭಾರ ಮೈಯ ನಡುವಿಗೆ ಹತ್ತಿರವಾಗುತ್ತದೆ. ಅಂಥವರು ಸೀಸವನ್ನು ಮುಟ್ಟಬೇಕಾಗಿಲ್ಲ.

ಆಮೇಲೂ ಕಾಲು ಇಳಿಯುತ್ತಿದ್ದರೆ ಭಾರ ತಲೆಯ ಕಡೆಗೆ ಹೋಗಬೇಕು. ಸಿಲಿಂಡರನ್ನು ಒಂದಿಷ್ಟು ಮೇಲಕ್ಕೆ ಸರಿಸಿ ಎಂದು ಎಲ್ಲರೂ ಹೇಳುತ್ತಾರೆ. ನೀರಿನಲ್ಲೂ ಭಾರವಾಗಿ ಉಳಿಯುವ ಉಕ್ಕಿನ ಸಿಲಿಂಡರಿಗೆ ಆ ಮಾತು ಸರಿ. ಸಾಮಾನ್ಯ ಅಲ್ಯೂಮಿನಿಯಂ ಸಿಲಿಂಡರ್ ನೀರಿನಲ್ಲಿ ಹೆಚ್ಚು ತೂಗುವುದಿಲ್ಲ, ಖಾಲಿಯಾಗುತ್ತ ಬಂದಂತೆ ತೇಲಲು ತೊಡಗುತ್ತದೆ. ಅದನ್ನು ಮೇಲಕ್ಕೆ ಸರಿಸಿ ದೊಡ್ಡ ಬದಲಾವಣೆ ನಿರೀಕ್ಷಿಸಬೇಡಿ. ಸಿಲಿಂಡರ್ ಯಾವುದೇ ಇರಲಿ, ಕತ್ತೆತ್ತಿದಾಗ ತಲೆ ವಾಲ್ವಿಗೆ ಬಡಿಯಬಾರದು.

ನನಗೆ ಮೆಚ್ಚುಗೆಯಾದ ಉಪಾಯವೆಂದರೆ ಸಿಲಿಂಡರನ್ನು ಹಿಡಿದಿರುವ ಮೇಲಿನ ಪಟ್ಟಿಗೆ ಎರಡು ಸಣ್ಣ ಚೀಲ ಪೋಣಿಸುವುದು. ಬೆಲ್ಟಿನ ಎಡದಿಂದ ಒಂದು ಕಿಲೋ, ಬಲದಿಂದ ಒಂದು ಕಿಲೋ ತೆಗೆದು ಸಿಲಿಂಡರಿನ ಎರಡು ಬದಿಗೆ ಹಾಕಿ. ಹೊಸದಾಗಿ ಸೇರಿಸಬೇಡಿ, ಇದ್ದದ್ದನ್ನೇ ಸಾಗಿಸಿ. ಪಟ್ಟಿಯನ್ನು ಬಿಗಿಯುವ ಮೊದಲು ಚೆನ್ನಾಗಿ ನೆನೆಸಿ. ಒಣಗಿದ್ದಾಗ ಬಿಗಿದ ಪಟ್ಟಿ ನೀರಿಗಿಳಿದ ಮೇಲೆ ಹಿಗ್ಗಿ ಸಡಿಲವಾಗುತ್ತದೆ. ಬಕಲ್ ಹಾಕಿದ ನಂತರ ಬಿಸಿಡಿಯ ಹಿಡಿಕೆಯಿಂದ ಇಡೀ ಗಂಟನ್ನು ಎತ್ತಿ ಅಲುಗಾಡಿಸಿ ನೋಡಿ. ಸಿಲಿಂಡರ್ ಬೆರಳಗಲ ಜಾರಿದರೂ ಬಿಚ್ಚಿ ಮತ್ತೆ ಬಿಗಿಯಿರಿ.

ಒಂದು ಎಚ್ಚರಿಕೆ. ಬೆನ್ನ ಹಿಂದಿನ ಆ ಸೀಸವನ್ನು ಆಪತ್ತಿನಲ್ಲಿ ಕಿತ್ತೆಸೆಯಲು ಆಗುವುದಿಲ್ಲ. ಆದ್ದರಿಂದ ನೀರಿನ ಮೇಲೆ ತೇಲಲು ಬೇಕಾದಷ್ಟು ತೂಕ, ಕೈಗೆ ಸಿಗುವ ಬೆಲ್ಟಿನಲ್ಲೋ ಬಿಸಿಡಿಯ ಜೇಬಿನಲ್ಲೋ ಉಳಿದಿರಲೇಬೇಕು. ಎಲ್ಲಿ ಎಷ್ಟಿದೆ ಎಂಬುದು ಜೊತೆಗಾರರಿಗೂ ತಿಳಿದಿರಲಿ.

ತಲೆಯೇ ಕೆಳಗೆ ಹೋಗುವವರು ಕಡಿಮೆ. ಸಿಲಿಂಡರನ್ನು ಹೊರುವ ಉಕ್ಕಿನ ಬೆನ್ನುಹಲಗೆ ಕಟ್ಟಿಕೊಂಡು ಹಗುರ ಫಿನ್ ಹಾಕಿದವರಲ್ಲಿ ಇದನ್ನು ಕಾಣಬಹುದು. ಅವರು ಸೀಸವನ್ನು ಕೆಳಗಿನ ಪಟ್ಟಿಗೆ ಇಳಿಸಬೇಕು, ಇಲ್ಲವೇ ಭಾರದ ರಬ್ಬರ್ ಫಿನ್ ಹಾಕಿಕೊಳ್ಳಬೇಕು. ಕಣಕಾಲಿಗೆ ಸೀಸ ಕಟ್ಟುವುದು ನನಗೆ ಸೇರುವುದಿಲ್ಲ. ಪ್ರತಿ ಒದೆತದಲ್ಲೂ ಆ ಭಾರವನ್ನು ಆಡಿಸಿ ಕಾಲು ಸೋಲುತ್ತದೆ, ಗಾಳಿಯೂ ಬೇಗ ಖರ್ಚಾಗುತ್ತದೆ. ಮೈ ಪಕ್ಕಕ್ಕೆ ಉರುಳುತ್ತಿದ್ದರೆ ಒಂದೇ ಬದಿಯಲ್ಲಿ ತೂಗುತ್ತಿರುವ ಟಾರ್ಚನ್ನೋ ಕ್ಯಾಮೆರಾವನ್ನೋ ಮೊದಲು ಅನುಮಾನಿಸಿ.

ಒಂದು ಡೈವ್‌ಗೆ ಒಂದೇ ಬದಲಾವಣೆ ಸಾಕು. ಸೀಸವನ್ನೂ ಸರಿಸಿ ಫಿನ್ನನ್ನೂ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ಗೊತ್ತಾಗುವುದಿಲ್ಲ. ಯಾವ ವೆಟ್‌ಸೂಟ್, ಯಾವ ಸಿಲಿಂಡರ್, ಸಿಹಿನೀರೋ ಉಪ್ಪುನೀರೋ, ಎಲ್ಲಿ ಎಷ್ಟು ಕಿಲೋ ಎಂದು ಲಾಗ್‌ಬುಕ್ಕಿನಲ್ಲಿ ಅಂದೇ ಬರೆದಿಡಿ. ಅಲ್ಯೂಮಿನಿಯಂ ಸಿಲಿಂಡರ್ ಬಳಸುವವರು 50 ಬಾರ್‌ಗೆ ಬಂದಾಗ ಮತ್ತೊಮ್ಮೆ ಸುಮ್ಮನೆ ಮಲಗಿ ನೋಡಬೇಕು. ಆಗ ಸಿಲಿಂಡರಿನ ತಳ ಹಗುರಾಗಿ ಸೊಂಟವನ್ನು ಎತ್ತಲು ಶುರುಮಾಡಿರುತ್ತದೆ. ಹೀಗಾಗಿ ಡೈವ್‌ನ ಆರಂಭದಲ್ಲಿ ಕಾಲು ಕೊಂಚ ತಗ್ಗಿದ್ದರೆ ಅದನ್ನು ತಿದ್ದಲು ಹೋಗಬೇಡಿ.