ಮನೆಯ ನೀರಿನ ಪೈಪು ಎಷ್ಟು ಇಂಚಿನದಿರಬೇಕು?

ಗಿಲಾವು ಆದಮೇಲೆ ಪೈಪು ಸಣ್ಣದಾಯಿತೆಂದು ಗೊತ್ತಾದರೆ ಗೋಡೆ ಒಡೆಯದೆ ಬೇರೆ ದಾರಿಯಿಲ್ಲ. ಹಾಗಾಗಿ ಅಳತೆಯ ಲೆಕ್ಕವನ್ನು ಕಾಗದದ ಮೇಲೆ ಮುಗಿಸಿಕೊಂಡೇ ಪೈಪು ತರಬೇಕು. ಇಲ್ಲಿರುವುದು ತಾರಸಿಯ ಟ್ಯಾಂಕಿನಿಂದ ಪಂಪಿನ ನೆರವಿಲ್ಲದೆ ಇಳಿಯುವ ನೀರಿನ ಲೆಕ್ಕ.

ಮೊದಲು ಎತ್ತರ ಅಳೆಯಿರಿ. ಟ್ಯಾಂಕಿನ ತಳಕ್ಕೂ ನಲ್ಲಿಗೂ 10 ಮೀಟರ್ ಅಂತರವಿದ್ದರೆ ಸುಮಾರು 1 ಬಾರ್ ಒತ್ತಡ ಸಿಗುತ್ತದೆ. ಕೆಳಗಿನ ಮಹಡಿಗಳಿಗೆ ಚಿಂತೆಯಿಲ್ಲ. ಕಷ್ಟವೆಲ್ಲ ಮೇಲಿನ ಮಹಡಿಯ ಬಾತ್‌ರೂಮಿನದು. ಅಲ್ಲಿನ ಷವರಿಗೆ ಸಿಗುವ ಎತ್ತರ ಹಲವು ಬಾರಿ 2 ಮೀಟರ್ ಅಷ್ಟೇ. ಇಡೀ ಮನೆಯ ಪೈಪಿನ ಅಳತೆಯನ್ನು ಆ ಬಾತ್‌ರೂಮನ್ನು ಮುಂದಿಟ್ಟುಕೊಂಡೇ ತೀರ್ಮಾನಿಸಿ.

ಆಮೇಲೆ ಒಂದೇ ಹೊತ್ತಿಗೆ ತೆರೆದಿರುವ ನಲ್ಲಿಗಳನ್ನು ಬರೆದುಕೊಳ್ಳಿ. ನಿಮಿಷಕ್ಕೆ ಷವರಿಗೆ 10 ಲೀಟರ್, ಅಡುಗೆಮನೆಯ ಸಿಂಕಿಗೆ 8, ವಾಷ್‌ಬೇಸಿನ್ನಿಗೆ 6, ಬಕೆಟ್ ತುಂಬುವ ನಲ್ಲಿಗೆ 12ರಿಂದ 15 ಎಂದು ಹಿಡಿಯಿರಿ. ಮನೆಯ ಎಲ್ಲ ನಲ್ಲಿಗಳನ್ನೂ ಕೂಡಬೇಕಿಲ್ಲ. ಬೆಳಗಿನ ಗಡಿಬಿಡಿಯಲ್ಲಿ ಎರಡು ಷವರ್, ಒಂದು ಸಿಂಕ್ ನಡೆಯುತ್ತಿದ್ದರೆ 28 ಲೀಟರ್ ಆಯಿತು.

ಇನ್ನು ಪೈಪಿನ ತೂತು. ಅಂಗಡಿಯಲ್ಲಿ ಹೇಳುವ ಅಳತೆ ಬೇರೆ, ನೀರು ಹರಿಯುವ ಒಳವ್ಯಾಸ ಬೇರೆ. ಬಿಸಿನೀರನ್ನೂ ತಾಳುವ ಪ್ಲಾಸ್ಟಿಕ್ ಪೈಪಾದ ಸಿಪಿವಿಸಿಯ ಎಸ್‌ಡಿಆರ್ 11 ದರ್ಜೆಯಲ್ಲಿ (ಹೊರವ್ಯಾಸ ಗೋಡೆಯ ದಪ್ಪದ 11 ಪಟ್ಟು) ಅರ್ಧ ಇಂಚಿನ ಪೈಪಿನ ಒಳಗೆ ಸುಮಾರು 12.4 ಮಿ.ಮೀ., ಮುಕ್ಕಾಲು ಇಂಚಿಗೆ 18, ಒಂದು ಇಂಚಿಗೆ 23, ಒಂದೂಕಾಲು ಇಂಚಿಗೆ 28. ನೀರು ಸೆಕೆಂಡಿಗೆ 1 ಮೀಟರ್ ವೇಗದಲ್ಲಿ ಹರಿದರೆ ಇವು ನಿಮಿಷಕ್ಕೆ ಕ್ರಮವಾಗಿ 7, 15, 25, 37 ಲೀಟರ್ ಕೊಡುತ್ತವೆ. ಮೇಲಿನ 28 ಲೀಟರಿಗೆ ಇಳಿಯುವ ಮುಖ್ಯ ಪೈಪು ಒಂದೂಕಾಲು ಇಂಚಿನದೇ ಬೇಕು. ಕಾಯಿಸಿ ಬೆಸೆಯುವ ಪ್ಲಾಸ್ಟಿಕ್ ಪೈಪು, ಅಂದರೆ ಪಿಪಿಆರ್ ತರುವವರು ಇನ್ನಷ್ಟು ಎಚ್ಚರವಾಗಿರಬೇಕು. ಅದರಲ್ಲಿ 25 ಮಿ.ಮೀ. ಎಂದರೆ ಹೊರವ್ಯಾಸ. ಪಿಎನ್ 20 ಎಂಬ ಒತ್ತಡದ ದರ್ಜೆಯಲ್ಲಿ ಒಳಗೆ ಉಳಿಯುವುದು 16.6 ಮಿ.ಮೀ., ಮುಕ್ಕಾಲು ಇಂಚಿನ ಸಿಪಿವಿಸಿಗಿಂತಲೂ ಕಡಿಮೆ.

ಒಂದೇ ಒಂದು ಅಳತೆ ಕೆಳಗಿಳಿದರೆ ಏನಾಗುತ್ತದೆ ನೋಡಿ. ನಿಮಿಷಕ್ಕೆ 10 ಲೀಟರ್ ನೀರು 10 ಮೀಟರ್ ಉದ್ದದ ಅರ್ಧ ಇಂಚಿನ ಸಿಪಿವಿಸಿಯಲ್ಲಿ ಹರಿದರೆ, ಪೈಪಿನ ಗೋಡೆಗೆ ಉಜ್ಜಿ ಕಳೆಯುವ ಒತ್ತಡ ಸುಮಾರು 1.9 ಮೀಟರ್ ಎತ್ತರಕ್ಕೆ ಸಮ. ಮೇಲಿನ ಮಹಡಿಗಿದ್ದ 2 ಮೀಟರ್ ಅಲ್ಲೇ ಮುಗಿಯಿತು, ಷವರಿನಿಂದ ನೀರು ತೊಟ್ಟಿಕ್ಕುತ್ತದೆ. ಅದೇ ಮುಕ್ಕಾಲು ಇಂಚಿನಲ್ಲಾದರೆ ನಷ್ಟ 30 ಸೆಂ.ಮೀ., ಒಂದು ಇಂಚಿನಲ್ಲಿ 9 ಸೆಂ.ಮೀ. ಅಷ್ಟೇ.

ಹೀಗಾಗಿ ಮುಖ್ಯ ಪೈಪು ಒಂದೂಕಾಲು ಇಂಚು, ಮಹಡಿಗೆ ಕವಲೊಡೆಯುವಲ್ಲಿ ಒಂದು ಇಂಚು, ಬಾತ್‌ರೂಮಿನ ಒಳಗೆ ಮುಕ್ಕಾಲು, ನಲ್ಲಿಗೆ ಏರುವ ಕೊನೆಯ ತುಂಡು ಮಾತ್ರ ಅರ್ಧ ಇಂಚು ಇರಲಿ. ಫ್ಲಷ್ ಟ್ಯಾಂಕಿಗೆ ಅರ್ಧ ಇಂಚು ಸಾಕು, ಅದು ನಿಧಾನವಾಗಿ ತುಂಬಿದರೂ ನಡೆಯುತ್ತದೆ. ಆದರೆ ಗೋಡೆಯ ಫ್ಲಷ್ ವಾಲ್ವ್ ಕೆಲವೇ ಸೆಕೆಂಡಿನಲ್ಲಿ ನೀರೆಳೆಯುತ್ತದೆ. ಅದಕ್ಕೆ ಕನಿಷ್ಠ ಒಂದೂಕಾಲು ಇಂಚಿನ ಪ್ರತ್ಯೇಕ ಲೈನು ಎಳೆಸಿ.

ಬಿಸಿನೀರಿನ ಲೈನಿಗೆ ದೊಡ್ಡದೇ ಒಳ್ಳೆಯದು ಎನ್ನುವಂತಿಲ್ಲ. ಮುಕ್ಕಾಲು ಇಂಚಿನ ಪೈಪಿನಲ್ಲಿ ಮೀಟರಿಗೆ ಕಾಲು ಲೀಟರ್ ನೀರು ನಿಂತಿರುತ್ತದೆ. ಗೀಸರ್ 10 ಮೀಟರ್ ದೂರದಲ್ಲಿದ್ದರೆ ಪ್ರತಿಸಲವೂ ಎರಡೂವರೆ ಲೀಟರ್ ತಣ್ಣೀರು ಹರಿದು ಹೋಗಬೇಕು. ಪೈಪು ಸಣ್ಣದು ಮಾಡುವುದಕ್ಕಿಂತ ಗೀಸರನ್ನೇ ಹತ್ತಿರಕ್ಕೆ ತನ್ನಿ.

ಮುಕ್ಕಾಲು ಇಂಚಿನ ಲೈನಿನಲ್ಲಿ ಒಂದೊಂದು ಎಲ್ಬೋ (ಪೈಪು ತಿರುಗಿಸುವ ಜೋಡಣೆ) ಅರ್ಧ ಮೀಟರಿಗೂ ಹೆಚ್ಚು ಪೈಪಿಗೆ ಸಮ, ಅದನ್ನೂ ಲೆಕ್ಕಕ್ಕೆ ಹಿಡಿಯಿರಿ. ವಾಲ್ವ್ ಕೊಳ್ಳುವಾಗ ತೂತು ಪೈಪಿನಷ್ಟೇ ಅಗಲವಿದೆಯೇ ಎಂದು ಬೆಳಕಿಗೆ ಹಿಡಿದು ನೋಡಿ. ಪೈಪು ಕತ್ತರಿಸಿದ ತುದಿಯ ಸಿಬಿರು ಕೆರೆದು ತೆಗೆಯಿಸಿ. ಪೈಪು ಅಂಟಿಸುವ ಸಾಲ್ವೆಂಟ್ ಹೆಚ್ಚಾದರೆ ಒಳಗೆ ಗಂಟು ಕಟ್ಟಿ ತೂತು ಕಿರಿದಾಗುತ್ತದೆ.

ಗೋಡೆ ಮುಚ್ಚುವ ಮೊದಲು ಮೇಲಿನ ಬಾತ್‌ರೂಮಿನ ಷವರ್ ಲೈನು, ಅಡುಗೆಮನೆಯ ನಲ್ಲಿ ಎರಡನ್ನೂ ತೆರೆದು, ಷವರ್ ಲೈನಿನ ಕೆಳಗೆ 10 ಲೀಟರಿನ ಬಕೆಟ್ ಇಡಿ. ಒಂದು ನಿಮಿಷದಲ್ಲಿ ತುಂಬಿದರೆ ಅಳತೆ ಸರಿ. ಒಂದೂವರೆ ನಿಮಿಷ ಹಿಡಿದರೆ, ಪೈಪು ಎಲ್ಲಾದರೂ ಮೇಲಕ್ಕೆ ಉಬ್ಬಿ ಎದ್ದು ಗಾಳಿ ಸಿಕ್ಕಿಕೊಂಡಿದೆಯೇ ಎಂದು ಮೊದಲು ನೋಡಿ. ಆಮೇಲೆ ಅರ್ಧ ಇಂಚಿನ ಉದ್ದ ತುಂಡು ಎಲ್ಲಿ ಸೇರಿಕೊಂಡಿದೆ ಎಂದು ಹುಡುಕಿ ಬದಲಾಯಿಸಿ.