ನಿಧಾನವಾಗಿ ಓಡಿ, ಬಿಡದೆ ಓಡಿ

ಓಡಲು ಶುರುಮಾಡಬೇಕು, ಏನು ಮಾಡಲಿ ಅಂತ ಕೇಳುವ ಗೆಳತಿಯರಿಗೆ ನಾನು ಮೊದಲು ಹೇಳುವುದು ಒಂದೇ ಮಾತು. ನಿಧಾನ. ನೀವು ಅಂದುಕೊಂಡಿದ್ದಕ್ಕಿಂತಲೂ ನಿಧಾನ. ಪಕ್ಕದಲ್ಲಿ ಬಿರುಸಾಗಿ ನಡೆಯುವವರು ನಿಮ್ಮನ್ನು ದಾಟಿ ಹೋದರೂ ಪರವಾಗಿಲ್ಲ. ನಾನು ನಲವತ್ತರ ಹತ್ತಿರ ಬಂದಾಗ ಓಡಲು ಶುರುಮಾಡಿದವಳು. ಶಾಲೆಯಲ್ಲಿ ಖೋಖೋ ಆಡಿದ್ದು ಬಿಟ್ಟರೆ ಆಟೋಟದ ರೂಢಿಯೇ ಇರಲಿಲ್ಲ. ಇವತ್ತಿಗೂ ಓಡುತ್ತಿದ್ದೇನೆ ಅಂದರೆ ಅದಕ್ಕೆ ಈ ನಿಧಾನವೇ ಕಾರಣ.

ಮೈಸೂರಿನ ಕುಕ್ಕರಹಳ್ಳಿ ಕೆರೆ ದಂಡೆಯಲ್ಲಿ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಮತ್ತೆ ಒಂದು ನಿಮಿಷ ಓಟ. ಹೀಗೆ ಅರ್ಧ ಗಂಟೆ. ವಾರಕ್ಕೆ ಮೂರು ದಿನ, ನಡುವೆ ಬಿಡುವು. ಒಂದು ನಿಮಿಷ ಸಲೀಸಾದ ಮೇಲೆ ಎರಡು, ಆಮೇಲೆ ಐದು. ಅವಸರ ಯಾಕೆ ಬೇಡ ಅಂದರೆ, ಉಸಿರು ಕೆಲವೇ ವಾರಗಳಲ್ಲಿ ಒಗ್ಗಿಬಿಡುತ್ತದೆ, ಆದರೆ ಮೂಳೆ, ಮೊಣಕಾಲು, ಹಿಮ್ಮಡಿ ಇವೆಲ್ಲ ಒಗ್ಗಲು ತಿಂಗಳುಗಳೇ ಬೇಕು, ಉಸಿರು ಸಲೀಸಾಯ್ತು ಅಂತ ದಿಢೀರನೆ ಜಾಸ್ತಿ ಓಡಿದಾಗಲೇ ಮೊಣಕಾಲಿನ ಕೆಳಗೆ ಕಾಲಿನ ಮುಂಭಾಗದ ಮೂಳೆ ನೋವು ಶುರುವಾಗುವುದು. ವೇಗ ಸರಿ ಇದೆಯಾ ಅಂತ ನೋಡಲು ವಾಚ್ ಬೇಕಿಲ್ಲ. ಓಡುತ್ತಾ ಪೂರ್ತಿ ವಾಕ್ಯ ಮಾತಾಡಲು ಆಗಬೇಕು, ಅಷ್ಟೆ. ಎರಡು ಪದಕ್ಕೊಮ್ಮೆ ಏದುಸಿರು ಬಂದರೆ ನಡೆಯಿರಿ. ಕೆರೆಯಲ್ಲಿ ಹೆಜ್ಜಾರ್ಲೆಗಳು ತೇಲುವುದನ್ನು ನೋಡಲು ಆಗದಷ್ಟು ಜೋರಾಗಿ ಓಡುವ ಅಗತ್ಯ ನಮಗೆ ಯಾರಿಗೂ ಇಲ್ಲ.

ಕಾಲಿಗಿಂತ ಕಷ್ಟ ಮನೆಯದು. ಬೆಳಿಗ್ಗೆ ಐದೂವರೆಯಿಂದ ಏಳರವರೆಗೆ ಹೆಂಗಸು ಅಡುಗೆಮನೆಯಲ್ಲಿ ಇಲ್ಲ ಅಂದರೆ ಅರ್ಧ ಮನೆ ನಿಂತುಹೋಗುತ್ತದೆ. ನಾನು ರಾತ್ರಿಯೇ ತರಕಾರಿ ಹೆಚ್ಚಿಡುತ್ತೇನೆ, ಚಟ್ನಿಗೆ ಕಾಯಿ ತುರಿದಿಡುತ್ತೇನೆ. ಓಟದ ಮೂರು ದಿನ ಇಡ್ಲಿ ಇಲ್ಲವೇ ದೋಸೆ, ಹುಯ್ಯುವುದು ಯಜಮಾನರ ಪಾಲು. ಇದನ್ನು ಉಪಕಾರದ ಥರ ಕೇಳಬೇಡಿ. ಸೋಮ, ಬುಧ, ಶುಕ್ರ ನಾನು ಇರಲ್ಲ, ಟಿಫನ್ ಡಬ್ಬಿ ನೀವು ಕಟ್ಟಿ ಅಂತ ನೇರವಾಗಿ ಹೇಳಿ. ದಿನ ಗೊತ್ತುಮಾಡಿದರೆ ಮನೆಯವರು ಹೊಂದಿಕೊಳ್ಳುತ್ತಾರೆ. ಇವತ್ತು ಹೋಗ್ಲಾ ಬೇಡ್ವಾ ಅಂತ ದಿನಾ ಕೇಳುತ್ತಾ ಕೂತರೆ ಯಾವ ಮನೆಯಲ್ಲೂ ಆಗುವುದಿಲ್ಲ.

ಓಡಿದರೆ ಗರ್ಭಕೋಶ ಜಾರುತ್ತೆ ಅಂತ ಹೇಳುವವರು ಇನ್ನೂ ಇದ್ದಾರೆ, ಅಲ್ವಾ? ನಮ್ಮತ್ತೆಯೂ ಹೇಳಿದ್ದರು, ಪ್ರೀತಿಯಿಂದಲೇ. ಇಂಥ ಭಯ ನಮ್ಮಲ್ಲಿ ಮಾತ್ರ ಇದ್ದದ್ದಲ್ಲ. 1928ರ ಒಲಿಂಪಿಕ್ಸ್‌ನಲ್ಲಿ ಹೆಂಗಸರು 800 ಮೀಟರ್ ಓಡಿದ ಮೇಲೆ, ಇದು ಹೆಣ್ಣಿನ ದೇಹಕ್ಕೆ ಆಗಿಬರಲ್ಲ ಅಂತ ಆ ಓಟವನ್ನೇ ತೆಗೆದುಹಾಕಿದರು, ಅದು ವಾಪಸ್ ಬಂದದ್ದು 1960ರಲ್ಲಿ. ಹೆಂಗಸರ ಮ್ಯಾರಥಾನ್ ಒಲಿಂಪಿಕ್ಸ್‌ಗೆ ಸೇರಿದ್ದು 1984ರಲ್ಲಿ. ಆವತ್ತು ಲಾಸ್ ಏಂಜಲೀಸ್‌ನಲ್ಲಿ ಜೋನ್ ಬೆನೊಯಿಟ್ 42.195 ಕಿಲೋಮೀಟರನ್ನು ಎರಡೂವರೆ ಗಂಟೆಯೊಳಗೆ ಓಡಿ ಗೆದ್ದರು. ಅತ್ತೆಗೆ ಇದನ್ನು ಕೂತು ಹೇಳಿದೆ. ಈಗ ನಾನು ಹೊರಡುವಾಗ ಬಾಗಿಲ ಚಿಲಕ ಹಾಕಿಕೊಳ್ಳುವುದು ಅವರೇ.

ಆದರೆ ಹೆರಿಗೆಯಾದವರು ಜಾಗ್ರತೆ ಮಾಡಲೇಬೇಕು. ಹೆರಿಗೆಯಾಗಿ ಕನಿಷ್ಠ 12 ವಾರ ಓಟ ಬೇಡ, ಆಮೇಲೂ ಡಾಕ್ಟರ್ ಹತ್ತಿರ ತೋರಿಸಿಕೊಂಡೇ ಶುರುಮಾಡಿ. ಓಡುವಾಗ, ಕೆಮ್ಮುವಾಗ ಸ್ವಲ್ಪ ಮೂತ್ರ ಸೋರುವುದು ಎಷ್ಟೋ ಜನಕ್ಕೆ ಇದೆ, ಯಾರೂ ಬಾಯಿಬಿಡುವುದಿಲ್ಲ, ಸುಮ್ನೆ ಓಟ ಬಿಟ್ಟುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಕೆಳಹೊಟ್ಟೆಯ ತಳದ ಸ್ನಾಯುಗಳನ್ನು ಬಿಗಿಹಿಡಿದು ಬಿಡುವ ವ್ಯಾಯಾಮಗಳಿವೆ, ಇದನ್ನು ತಿಳಿದ ಫಿಸಿಯೋಥೆರಪಿಸ್ಟ್‌ಗಳು ಸರಿಯಾಗಿ ಹೇಳಿಕೊಡುತ್ತಾರೆ, ಬಹಳಷ್ಟು ಜನರಿಗೆ ಇದರಿಂದ ಗುಣ ಸಿಗುತ್ತದೆ.

ಇನ್ನೊಂದು ರಕ್ತದ ವಿಷಯ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇ. 57ರಷ್ಟು ಜನರಿಗೆ ರಕ್ತಹೀನತೆ ಇದೆ. ಮೆಟ್ಟಿಲು ಹತ್ತಿದರೆ ಸುಸ್ತು, ಎಷ್ಟು ವಾರ ಓಡಿದರೂ ಉಸಿರು ಒಗ್ಗುತ್ತಿಲ್ಲ ಅಂದರೆ ಸೋಮಾರಿತನ ಅಂತ ನಿಮ್ಮನ್ನು ನೀವೇ ಬೈದುಕೊಳ್ಳಬೇಡಿ, ರಕ್ತ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ ಜೊತೆ ಫೆರಿಟಿನ್ ಕೂಡ ನೋಡಲು ಹೇಳಿ, ಯಾಕೆಂದರೆ ಹಿಮೋಗ್ಲೋಬಿನ್ ಸರಿ ಇದ್ದೂ ದೇಹದ ಕಬ್ಬಿಣದ ದಾಸ್ತಾನು ಖಾಲಿಯಾಗಿರಬಹುದು. ನಾನು ಹುರಳಿಕಾಳು, ಸೊಪ್ಪು ತಿಂದಾಗ ಮೇಲೆ ನಿಂಬೆಹಣ್ಣು ಹಿಂಡಿಕೊಳ್ಳುತ್ತೇನೆ, ಕಬ್ಬಿಣ ಚೆನ್ನಾಗಿ ಮೈಗೆ ಹತ್ತುತ್ತದೆ. ಕಾಫಿ ಊಟದ ಜೊತೆ ಬೇಡ, ಒಂದು ಗಂಟೆ ಬಿಟ್ಟು ಕುಡಿಯಿರಿ. ಮೈಸೂರಿನವಳಾಗಿ ಕಾಫಿ ಬಿಡಿ ಅಂತ ಮಾತ್ರ ಹೇಳಲಾರೆ!

ಮುಟ್ಟಿನ ದಿನಗಳಲ್ಲಿ ಓಡಬಹುದಾ ಅಂತ ಕೇಳುತ್ತಾರೆ. ಓಡಬಹುದು. ನನಗೆ ಮೊದಲ ದಿನ ನಡಿಗೆ ಸಾಕು, ಎರಡನೇ ದಿನದಿಂದ ಮೆಲ್ಲನೆ ಓಡಿದರೆ ಸೊಂಟ ಹಗುರಾಗುತ್ತದೆ. ನಿಮ್ಮ ಮೈ ಬೇಡ ಅಂದರೆ ಮಲಗಿ.

ದುಡ್ಡು ಹಾಕುವುದಾದರೆ ಎರಡಕ್ಕೆ ಹಾಕಿ, ಶೂ ಮತ್ತು ಸ್ಪೋರ್ಟ್ಸ್ ಬ್ರಾ. ಶೂ ಕೊಳ್ಳಲು ಸಂಜೆ ಹೋಗಿ, ಆಗ ಪಾದ ಸ್ವಲ್ಪ ಉಬ್ಬಿರುತ್ತದೆ. ಉದ್ದನೆಯ ಬೆರಳಿನ ಮುಂದೆ ಒಂದು ಹೆಬ್ಬೆರಳಿನ ಅಗಲ ಜಾಗ ಇರಬೇಕು, ಇಲ್ಲದಿದ್ದರೆ ಉಗುರು ಕಪ್ಪಾಗುತ್ತದೆ. ಬ್ರಾ ಹಾಕಿಕೊಂಡು ಟ್ರಯಲ್ ರೂಮಿನಲ್ಲೇ ಕುಣಿದು ನೋಡಿ, ನಾಚಿಕೆ ಬೇಡ. ಕೆಳಗಿನ ಪಟ್ಟಿಯೊಳಗೆ ಎರಡು ಬೆರಳು ಹೋಗಬೇಕು, ಅದಕ್ಕಿಂತ ಸಡಿಲ ಬೇಡ. ಆ ಪಟ್ಟಿ ಉಜ್ಜುವ ಜಾಗಕ್ಕೆ ಹೊರಡುವ ಮುಂಚೆ ವ್ಯಾಸಲೀನ್ ಹಚ್ಚಿ. ಉರಿ ಗೊತ್ತಾಗುವುದು ಆಮೇಲೆ, ಸ್ನಾನಕ್ಕೆ ಬಿಸಿನೀರು ಹುಯ್ದುಕೊಂಡಾಗ. ಬಟ್ಟೆ ಮಾತ್ರ ನಿಮಗೆ ಸಂಕೋಚವಿಲ್ಲದ್ದು ಯಾವುದಾದರೂ ಸರಿ, ನಮ್ಮ ಜೊತೆ ಚೂಡಿದಾರದಲ್ಲೇ ಹಾಯಾಗಿ ಐದು ಕಿಲೋಮೀಟರ್ ಓಡುವವರಿದ್ದಾರೆ.

ಕತ್ತಲಿರುವಾಗ ಒಬ್ಬರೇ ಹೋಗಬೇಡಿ. ಜೊತೆ ಸಿಗದಿದ್ದರೆ ವಾಕಿಂಗ್‌ಗೆ ಬರುವ ಆಂಟಿಯರನ್ನು ಮಾತಾಡಿಸಿಟ್ಟುಕೊಳ್ಳಿ, ನೀವು ಒಂದು ದಿನ ಬರದಿದ್ದರೆ ಯಾಕಮ್ಮಾ ಬರಲಿಲ್ಲ ಅಂತ ಅವರೇ ಕೇಳುತ್ತಾರೆ, ನನ್ನನ್ನು ಹಾಸಿಗೆಯಿಂದ ಎಬ್ಬಿಸುವುದು ಅಲಾರಂಗಿಂತ ಆ ಪ್ರಶ್ನೆಯೇ. ರಸ್ತೆಯಲ್ಲಾದರೆ ಎದುರಿನಿಂದ ಬರುವ ಗಾಡಿ ಕಾಣುವ ಹಾಗೆ ಬಲಬದಿಯಲ್ಲಿ ಓಡಿ, ಇಯರ್‌ಫೋನ್ ಒಂದೇ ಕಿವಿಗೆ. ನಾಯಿ ಅಟ್ಟಿಸಿಕೊಂಡು ಬಂದರೆ ಓಡಬೇಡಿ, ಓಡಿದಷ್ಟೂ ಅಟ್ಟುತ್ತವೆ. ನಿಂತು, ಕಣ್ಣು ಕೂಡಿಸದೆ, ಮೆಲ್ಲಗೆ ನಡೆದು ದಾಟಿ.

ಆರು ತಿಂಗಳಾದ ಮೇಲೆ ಆಸೆಯಾದರೆ ಒಂದು ಓಟಕ್ಕೆ ಹೆಸರು ಕೊಡಿ. 2008ರಿಂದ ನಡೆಯುತ್ತಿರುವ ಬೆಂಗಳೂರಿನ ವರ್ಲ್ಡ್ 10ಕೆ, ಅಂದರೆ ಹತ್ತು ಕಿಲೋಮೀಟರ್ ಓಟ, ಹೊಸಬರಿಗೆ ಒಳ್ಳೆಯದು. ದೇಶವಿದೇಶದ ದೊಡ್ಡ ಓಟಗಾರ್ತಿಯರು ಓಡುವ ದಿನವೇ ಸಾವಿರಾರು ಸಾಮಾನ್ಯ ಹೆಂಗಸರೂ ಓಡುತ್ತಾರೆ, ನಡುನಡುವೆ ನಡೆದರೆ ಯಾರೂ ಏನೂ ಅನ್ನುವುದಿಲ್ಲ. ಆವತ್ತು ಮಾತ್ರ ಹೊಸ ಶೂ ಹಾಕಬೇಡಿ, ಹೊಸ ತಿಂಡಿ ತಿನ್ನಬೇಡಿ. ಮನೆಯಲ್ಲಿ ಅಭ್ಯಾಸವಿರುವ ಬಾಳೆಹಣ್ಣೋ ಎರಡು ಖರ್ಜೂರವೋ ಸಾಕು, ಓಟಕ್ಕೆ ಮುಕ್ಕಾಲು ಗಂಟೆ ಮುಂಚೆ.